ಮಡಿಕೆಯ ಶಾಸನ

ಮನುಷ್ಯನ ಕರುಳಿನಲ್ಲಿ ವಾಸಮಾಡುವ ಇ. ಕೋಲೈ ಬ್ಯಾಕ್ಟೀರಿಯಗಳಲ್ಲಿ ತಮ್ಮ ಜೀನುಗಳನ್ನು ಇತರವಕ್ಕೆ ದಾಟಿಸಬಲ್ಲ, 'ಗಂಡು' ಎನಿಸಿಕೊಂಡವುಗಳನ್ನು ಮಾತ್ರ ಆರಿಸಿ ಕೊಲ್ಲತಕ್ಕ ವೈರಾಣು ಯಾವುದಾದರೂ ಇದ್ದೀತೆ ಎಂದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ನಾರ್ಟನ್ ಜಿಂಡರ್ ಮತ್ತು ಅವರ ಶಿಷ್ಯ ಟಿಮೊಥಿ ಲೋಬ್ ಆ ನಗರದ ಕೊಳಚೆನೀರನ್ನು ಶೋಧಿಸಿ, 1961ರಲ್ಲಿ ಎಫ್2 ಎಂಬ ಅತಿ ಸಣ್ಣ ಬ್ಯಾಕ್ಟೀರಿಯೊಫೇಜೊಂದನ್ನು ಹೊರತೆಗೆದರು. ಅದರ ಒಡಲಿನಲ್ಲಿ ಡಿಎನ್‌ಎ ಇರಲಿಲ್ಲ; ಆರ್‌ಎನ್‌ಎಯ ಒಂಟಿ ಎಳೆಯೊಂದಿತ್ತು, ಅಷ್ಟೆ. ಬ್ಯಾಕ್ಟೀರಿಯವನ್ನು ಕಾಡುವ ವೈರಾಣುಗಳಲ್ಲಿ ಇಂಥದು ಕಂಡುಬಂದದ್ದು ಅದೇ ಮೊದಲು. ಕೆಲಕಾಲದಲ್ಲಿಯೇ ಅದರ ದಾಯಾದಿಗಳಾದ ಎಂಎಸ್2, ಆರ್17 ಮೊದಲಾದವು ಬೇರೆ ಬೇರೆ ಪ್ರಯೋಗಶಾಲೆಗಳಲ್ಲಿ ದೊರೆತವು. ಇವುಗಳಲ್ಲಿ ಆರ್‌ಎನ್‌ಎಯೇ ವಂಶದ್ರವ್ಯ, ಆರ್‌ಎನ್‌ಎಯೇ ಸಂದೇಶ. ಜೀವಕೋಶದೊಳಗೆ ಹೊಕ್ಕ ಎಳೆಯನ್ನು ಅಲ್ಲಿಯ ಪ್ರೋಟೀನು ಕಟ್ಟುವ ಯಂತ್ರಗಳಾದ ರೈಬೋಸೋಮುಗಳು ಬೇರೆ ಪ್ರತಿಯನ್ನು ಕಾಯದೆ ಒಡನೆಯೇ ಓದತೊಡಗುತ್ತವೆ.

ಆ ಓದಿನ ವಿಷಯದಲ್ಲಿ ಅಂದಿನ ವಿದ್ವಾಂಸರಲ್ಲಿದ್ದ ಕಲ್ಪನೆಯನ್ನು ಮೊದಲು ತಿಳಿದುಕೊಳ್ಳಬೇಕು. ತಂಬಾಕಿನ ಮೊಸಾಯಿಕ್ ವೈರಾಣುವಿನಿಂದ ಪ್ರೋಟೀನನ್ನೆಲ್ಲ ಕಳೆದರೂ ಉಳಿದ ಆರ್‌ಎನ್‌ಎಯಿಂದಲೇ ರೋಗ ಹುಟ್ಟುತ್ತದೆಂಬುದನ್ನು 1956ರಲ್ಲಿ ಟ್ಯೂಬಿಂಗೆನ್ನಿನ ಗೀರರ್ ಮತ್ತು ಶ್ರಾಮ್, ಬರ್ಕಲಿಯ ಫ್ರೆಂಕೆಲ್-ಕಾನ್‌ರಾಟ್ ಪ್ರತ್ಯೇಕವಾಗಿ ತೋರಿಸಿದ್ದರು. ಆರ್‌ಎನ್‌ಎಯ ಎ, ಯು, ಜಿ, ಸಿ ಎಂಬ ನಾಲ್ಕು ಅಕ್ಷರಗಳಲ್ಲಿ ಯು ಒಂದರದೇ ಸರಪಳಿಯನ್ನು ಓದಿದರೆ ಫಿನೈಲಾಲನೀನ್ ಎಂಬ ಒಂದೇ ಅಮೈನೋ ಆಮ್ಲದ ಮಾಲೆ ಹೊರಬರುತ್ತದೆಂಬುದನ್ನು 1961ರಲ್ಲಿ ನೈರೆನ್‌ಬರ್ಗ್ ಮತ್ತು ಮಥಾಯ್ ಕಂಡುಹಿಡಿದರು. ಅಕ್ಷರಗಳು ಮೂರು ಮೂರಾಗಿ, ನಿಶ್ಚಿತವಾದ ಆರಂಭಬಿಂದುವಿನಿಂದ, ನಡುವೆ ವಿರಾಮಚಿಹ್ನೆಗಳಿಲ್ಲದೆ ಓದಲ್ಪಡುತ್ತವೆಂದು ಅದೇ ವರ್ಷ ಕ್ರಿಕ್, ಬ್ರೆನರ್ ಮತ್ತವರ ಸಂಗಡಿಗರು ನಿರ್ಣಯಿಸಿದರು. ಇವೆಲ್ಲದರ ಫಲವಾಗಿ ಆರ್‌ಎನ್‌ಎಯೆಂದರೆ ಒಂದು ನೇರವಾದ ಪಂಕ್ತಿ, ಅದರ ಅರ್ಥವೆಲ್ಲ ಅಕ್ಷರಗಳ ಕ್ರಮದಲ್ಲಿಯೇ ಅಡಗಿದೆ ಎಂಬ ಭಾವನೆ ಬೇರೂರಿತು. ಆ ಎಳೆ ತನ್ನ ಮೇಲೆ ತಾನೇ ಮಡಿಚಿಕೊಂಡು, ಜಿಗೆ ಸಿ, ಎಗೆ ಯು ಜೊತೆಯಾಗಿ ಅಲ್ಲಲ್ಲಿ ಸುರುಳಿಗಟ್ಟುತ್ತದೆಂಬುದು ತಿಳಿದಿರಲಿಲ್ಲವೆಂದಲ್ಲ. ಆದರೆ ಅದು ಭೌತರಸಾಯನಜ್ಞರ ವಿನೋದವೆನಿಸಿತ್ತೇ ಹೊರತು ಸಂದೇಶದ ಒಂದು ಭಾಗವೆಂದು ಎಣಿಕೆಗೆ ಬಂದಿರಲಿಲ್ಲ. ಈ ಸಂಪ್ರದಾಯ ಸಡಿಲಿಸಿ, ಮಡಿಕೆಯೂ ಒಂದು ಶಾಸನವೆಂಬ ಅರಿವು ಮೂಡಿದ ಬಗೆಯೇ ಈ ಲೇಖನದ ವಸ್ತು.

1962ರಲ್ಲಿ ಡೇನಿಯಲ್ ನೇಥನ್ಸ್, ಜಿಂಡರ್ ಮತ್ತು ಅವರ ಸಹೋದ್ಯೋಗಿಗಳು ಎಫ್2 ವೈರಾಣುವಿನ ಆರ್‌ಎನ್‌ಎಯನ್ನು ಒಡೆದ ಬ್ಯಾಕ್ಟೀರಿಯಗಳ ರಸಕ್ಕೆ ಬೆರೆಸಿ, ಆ ವೈರಾಣುವಿನ ಹೊದಿಕೆಯ ಪ್ರೋಟೀನು ಪ್ರನಾಳದಲ್ಲಿಯೇ ಸಿದ್ಧವಾದುದನ್ನು ಕಂಡರು. ಸಮಸ್ಯೆ ಮೊದಲಾದದ್ದು ಅಲ್ಲಿಯೇ. ಎಳೆಯಲ್ಲಿ ಹೊದಿಕೆಯ ಪ್ರೋಟೀನಿಗಲ್ಲದೆ, ವೈರಾಣುವನ್ನು ಬ್ಯಾಕ್ಟೀರಿಯಕ್ಕೆ ಅಂಟಿಸುವ ಪಕ್ವತಾ ಪ್ರೋಟೀನಿಗೂ, ಆರ್‌ಎನ್‌ಎಯ ಪ್ರತಿಗಳನ್ನು ತೆಗೆಯುವ ರೆಪ್ಲಿಕೇಸ್ ಎಂಬ ಕಿಣ್ವಕ್ಕೂ ಒಂದೊಂದು ಜೀನ್ ಉಂಟು. ಒಂದು ವೈರಾಣುವಿನ ಹೊದಿಕೆಗೆ ಸುಮಾರು 180 ಪ್ರೋಟೀನುಗಳು ಬೇಕು; ಪಕ್ವತಾ ಪ್ರೋಟೀನು ಒಂದೇ ಸಾಕು; ರೆಪ್ಲಿಕೇಸ್ ಸ್ವಲ್ಪವೇ ಸಾಕು, ಅದೂ ರೋಗದ ಆರಂಭದಲ್ಲಿ ಮಾತ್ರ. ಮೂರು ಜೀನುಗಳೂ ಒಂದೇ ಎಳೆಯ ಮೇಲೆ ಒಂದೊಂದು ಬಾರಿ ಬರೆಯಲ್ಪಟ್ಟಿರುವಾಗ, ಎಳೆಯನ್ನು ಓದುವ ರೈಬೋಸೋಮಿಗೆ ವೈರಾಣುವಿನ ಅಗತ್ಯಗಳು ಏನೇನೂ ತಿಳಿಯದಿರುವಾಗ, ಒಂದರಲ್ಲಿ ಇಷ್ಟು ಔದಾರ್ಯವೂ ಇನ್ನೊಂದರಲ್ಲಿ ಇಷ್ಟು ಜಿಪುಣತನವೂ ಹೇಗೆ ಒದಗಿದವು? ಜೀನಿನಿಂದ ಎಷ್ಟು ಸಂದೇಶ ಹೊರಡಬೇಕೆಂಬುದನ್ನು ನಿಯಂತ್ರಿಸುವ ಕ್ರಮವನ್ನು ಜಾಕೋಬ್ ಮತ್ತು ಮೊನೊ ಆಗ ತಾನೇ ವಿವರಿಸಿದ್ದರು. ಆದರೆ ಜೀನೂ ಸಂದೇಶವೂ ಒಂದೇ ಆಗಿರುವಲ್ಲಿ ಆ ವಿವರಣೆಗೆ ಆಸ್ಪದವಿರಲಿಲ್ಲ.

ಈ ಸಮಸ್ಯೆಯನ್ನು ಬಿಡಿಸುವ ಮೊದಲ ಸುಳಿವು ದೊರೆತದ್ದು ಒಂದು ವಿಚಿತ್ರವಾದ ರೂಪಾಂತರದಿಂದ. ಹೊದಿಕೆಯ ಪ್ರೋಟೀನಿನಲ್ಲಿ 129 ಅಮೈನೋ ಆಮ್ಲಗಳಿವೆ. ಅದರ ಜೀನಿನಲ್ಲಿ 50, 54 ಅಥವಾ 70ನೆಯ ಸ್ಥಾನದಲ್ಲಿ ಅಕಾಲವಾಗಿ 'ನಿಲ್ಲು' ಎಂಬ ಸಂಕೇತ ಹುಟ್ಟಿದರೆ ಹೊದಿಕೆಯ ಪ್ರೋಟೀನು ಮಾತ್ರ ಕೆಡುತ್ತಿತ್ತು. ಮುಂದಿನ ರೆಪ್ಲಿಕೇಸ್ ಯಥಾಪ್ರಕಾರ ಸಿದ್ಧವಾಗುತ್ತಿತ್ತು. ಅದೇ ಸಂಕೇತ 6ನೆಯ ಸ್ಥಾನದಲ್ಲಿ ಬಂದರೆ, ತನ್ನದೇ ಆದ ಆರಂಭಬಿಂದುವನ್ನು ಪಡೆದಿರುವ ರೆಪ್ಲಿಕೇಸ್ ಕೂಡ ಹುಟ್ಟದೆ ಹೋಗುತ್ತಿತ್ತು. ಒಂದು ಜೀನಿನ ಓದು ಆರನೆಯ ಹೆಜ್ಜೆಯಲ್ಲಿ ನಿಂತದ್ದರಿಂದ ಪಕ್ಕದ ಜೀನಿಗೆ ಏಕೆ ಹಾನಿಯಾಗಬೇಕು, ಐವತ್ತನೆಯ ಹೆಜ್ಜೆಯಲ್ಲಿ ನಿಂತರೆ ಏಕೆ ಆಗಬಾರದು? ಹಾರ್ವೆ ಲೋಡಿಷ್ ಇದಕ್ಕೆ ಉತ್ತರವನ್ನು ಎಳೆಯ ಆಕಾರದಲ್ಲಿ ಹುಡುಕಿದರು. ಆರ್‌ಎನ್‌ಎಯನ್ನು ಫಾರ್ಮಾಲ್ಡಿಹೈಡಿನಿಂದ ಮೃದುವಾಗಿ ಸಂಸ್ಕರಿಸಿದರೆ ಅಕ್ಷರಗಳ ಕ್ರಮ ಕೆಡದೆ, ಅವುಗಳ ಜೊತೆಗಟ್ಟುವಿಕೆ ಮಾತ್ರ ಬಿಚ್ಚಿಹೋಗುತ್ತದೆ. 1970ರಲ್ಲಿ ಹಾಗೆ ಬಿಚ್ಚಿದ ಎಳೆಯನ್ನು ರೈಬೋಸೋಮುಗಳ ಮುಂದಿಟ್ಟಾಗ, ಅದುವರೆಗೆ ಅಪರೂಪವಾಗಿದ್ದ ರೆಪ್ಲಿಕೇಸ್ ಮತ್ತು ಪಕ್ವತಾ ಪ್ರೋಟೀನುಗಳು ಹಲವು ಪಟ್ಟು ಹೆಚ್ಚಾಗಿ ಉತ್ಪನ್ನವಾದವು. ಅಕ್ಷರಗಳು ಅವೇ, ಓದುಗನೂ ಅವನೇ, ಬದಲಾದದ್ದು ಮಡಿಕೆಯೊಂದೇ.

ಹಿಂದೆ ನಮ್ಮ ಸಾಹುಕಾರರೂ ಶಾನುಭೋಗರೂ ಲೆಕ್ಕ ಬರೆಯುತ್ತಿದ್ದ ಕಡತಗಳನ್ನು ನೋಡಿದವರಿಗೆ ಈ ವ್ಯವಸ್ಥೆ ಸುಲಭವಾಗಿ ಮನದಟ್ಟಾಗುತ್ತದೆ. ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಲೇಪಿಸಿ ಕಪ್ಪಾಗಿಸಿದ ಉದ್ದನೆಯ ಬಟ್ಟೆಯನ್ನು ಹಿಂದುಮುಂದಾಗಿ ಮಡಿಚಿ, ಬಳಪದಿಂದ ಬರೆದಿಟ್ಟ ಆ ಕಡತದಲ್ಲಿ, ಮುಂದಿನ ಮಡಿಕೆಯನ್ನು ತೆರೆದ ಹೊರತು ಹಿಂದಿನದರಲ್ಲಿ ಬರೆದಿರುವುದು ಓದಿಗೆ ಸಿಕ್ಕುವುದಿಲ್ಲ. ಎಫ್2 ವೈರಾಣುವಿನಲ್ಲಿ ರೆಪ್ಲಿಕೇಸಿನ ಆರಂಭಬಿಂದು, ಹೊದಿಕೆಯ ಜೀನಿನ ಒಳಗಿನ ಒಂದು ತುಣುಕಿನೊಂದಿಗೆ ಜೊತೆಗಟ್ಟಿ ಮರೆಯಾಗಿರುತ್ತದೆ. ಹೊದಿಕೆಯ ಜೀನನ್ನು ಓದುತ್ತ ಬರುವ ರೈಬೋಸೋಮು ಆ ತುಣುಕನ್ನು ದಾಟುವಾಗ ಜೊತೆ ಬಿಟ್ಟು, ಕ್ಷಣಕಾಲ ರೆಪ್ಲಿಕೇಸಿನ ಬಾಗಿಲು ತೆರೆಯುತ್ತದೆ. ಆರನೆಯ ಹೆಜ್ಜೆಯಲ್ಲಿ ನಿಂತ ರೈಬೋಸೋಮು ಅಲ್ಲಿಯವರೆಗೆ ಬರಲಾರದು; ಐವತ್ತನ್ನು ಮುಟ್ಟಿದ್ದು ಆ ವೇಳೆಗೆ ಅದನ್ನು ದಾಟಿರುತ್ತದೆ.

ಹೀಗೆ ಊಹೆಯಿಂದ ತಿಳಿದುದನ್ನು ಅಕ್ಷರಶಃ ಕಾಣಬೇಕಾದರೆ ಎಳೆಯನ್ನು ಓದಬೇಕಾಗಿತ್ತು. ಆ ಕಾಲದಲ್ಲಿ ಅದು ತಪಸ್ಸಿಗೆ ಸಮನಾದ ಕಸುಬು. ಕೇಂಬ್ರಿಜ್‌ನಲ್ಲಿ ಫ್ರೆಡ್ ಸ್ಯಾಂಗರ್ ರೂಪಿಸಿದ ಪದ್ಧತಿಯಂತೆ, ವಿಕಿರಣಶೀಲ ರಂಜಕವನ್ನು ಉಣ್ಣಿಸಿ ಬೆಳೆಸಿದ ವೈರಾಣುವಿನ ಆರ್‌ಎನ್‌ಎಯನ್ನು, ಜಿ ಅಕ್ಷರದ ಬಳಿ ಮಾತ್ರ ಕತ್ತರಿಸುವ ಟಿ1 ಎಂಬ ಕಿಣ್ವದಿಂದ ತುಂಡರಿಸಿ, ಆ ತುಣುಕುಗಳನ್ನು ಹಾಳೆಯ ಮೇಲೆ ಮೊದಲು ಒಂದು ದಿಕ್ಕಿನಲ್ಲಿ, ತರುವಾಯ ಅದಕ್ಕೆ ಅಡ್ಡವಾಗಿ ಹರಿಯಗೊಟ್ಟು, ಮೇಲೆ ಎಕ್ಸ್-ರೇ ಫಿಲ್ಮನ್ನು ಹೊದಿಸಿ ಕತ್ತಲಲ್ಲಿಟ್ಟರೆ, ಫಿಲ್ಮಿನ ಮೇಲೆ ಕಪ್ಪು ಚುಕ್ಕೆಗಳ ಒಂದು ಸಮೂಹ ಮೂಡುತ್ತಿತ್ತು. ಒಂದೊಂದು ಚುಕ್ಕೆಯನ್ನೂ ಕತ್ತರಿಸಿ ತೆಗೆದು, ಸಿ ಮತ್ತು ಯು ಅಕ್ಷರಗಳ ಬಳಿ ಕಡಿಯುವ ಇನ್ನೊಂದು ಕಿಣ್ವದಿಂದ ಮತ್ತೆ ತುಂಡರಿಸಿ, ಸಿಕ್ಕ ಅಕ್ಷರಗಳನ್ನು ಒಂದಕ್ಕೊಂದು ಹೊಂದಿಸಿ ಪಂಕ್ತಿಯನ್ನು ಕಟ್ಟಬೇಕು. 1969ರಲ್ಲಿ ಅಲ್ಲಿಯೇ ಜೋನ್ ಸ್ಟೈಟ್ಸ್ ಆರ್17 ವೈರಾಣುವಿನಲ್ಲಿ ರೈಬೋಸೋಮು ಬಂದು ಕೂಡುವ ಮೂರು ಆರಂಭಸ್ಥಾನಗಳನ್ನು ಓದಿದರು. ಅದೇ ವರ್ಷ ಆಡಮ್ಸ್, ಜೆಪ್ಪೆಸನ್, ಸ್ಯಾಂಗರ್ ಮತ್ತು ಬ್ಯಾರೆಲ್ ಹೊದಿಕೆಯ ಜೀನಿನ 57 ಅಕ್ಷರಗಳ ತುಣುಕೊಂದನ್ನು ಓದಿ, ಅದು ತಾನಾಗಿಯೇ ಹೇರ್‌ಪಿನ್ನಿನ ಆಕಾರಕ್ಕೆ ಮಡಿಚಿಕೊಳ್ಳಬಲ್ಲುದೆಂದು ತೋರಿಸಿದರು.

ಈ ಕಸುಬನ್ನು ಕೊನೆಯವರೆಗೆ ಸಾಧಿಸಿದ ಕೀರ್ತಿ ಬೆಲ್ಜಿಯಮಿನ ಗೆಂಟ್ ನಗರಕ್ಕೆ ಸಲ್ಲಬೇಕು. ಅಲ್ಲಿ ವಾಲ್ಟರ್ ಫೀರ್ಸ್ ಮತ್ತು ಅವರ ಸಂಗಡಿಗರು 1972ರಲ್ಲಿ ಎಂಎಸ್2 ವೈರಾಣುವಿನ ಹೊದಿಕೆಯ ಜೀನನ್ನು ಆದ್ಯಂತವಾಗಿ ಓದಿದರು. ಯಾವುದೇ ಜೀನಿನ ಪೂರ್ಣಪಾಠ ಮನುಷ್ಯನ ಕೈಗೆ ಸಿಕ್ಕಿದುದು ಅಂದೇ ಮೊದಲು. 1976ರಲ್ಲಿ ಆ ವೈರಾಣುವಿನ 3,569 ಅಕ್ಷರಗಳೂ ಪ್ರಕಟವಾಗಿ, ಜಗತ್ತಿನ ಮೊದಲ ಸಂಪೂರ್ಣ ಜೀನೋಮ್ ಎನಿಸಿತು. ಗೆಂಟಿನವರು ಪಾಠವನ್ನು ಬರಿಯ ಸಾಲುಗಳಾಗಿ ಅಚ್ಚುಮಾಡಲಿಲ್ಲ; ಜೊತೆಯಾಗಬಲ್ಲ ಅಕ್ಷರಗಳನ್ನೆಲ್ಲ ಜೊತೆಗೂಡಿಸಿ, ಹೊದಿಕೆಯ ಜೀನು ಎಸಳೆಸಳಾಗಿ ಅರಳಿದ ಹೂವಿನಂತೆ ಕಾಣುವ ಚಿತ್ರವನ್ನೇ ಬರೆದರು.

ಆ ಚಿತ್ರವನ್ನು ಮುಂದಿಟ್ಟುಕೊಂಡು ನೋಡಿದಾಗ ವೈರಾಣುವಿನ ಗೃಹಕೃತ್ಯವೆಲ್ಲ ಒಂದೊಂದಾಗಿ ಅರ್ಥವಾಗತೊಡಗಿತು. ರೆಪ್ಲಿಕೇಸಿನ ಆರಂಭದಲ್ಲಿ 19 ಅಕ್ಷರಗಳ ಒಂದು ಪುಟ್ಟ ಹೇರ್‌ಪಿನ್ ಇದೆ. ಹೊದಿಕೆಯ ಪ್ರೋಟೀನು ಕೋಶದಲ್ಲಿ ಸಾಕಷ್ಟು ಕೂಡಿಕೊಂಡಾಗ ಎರಡೆರಡಾಗಿ ಬಂದು ಅದನ್ನೇ ಹಿಡಿದುಕೊಂಡು, ಇನ್ನು ರೆಪ್ಲಿಕೇಸ್ ಬೇಡವೆಂದು ಓದನ್ನು ತಡೆಯುತ್ತದೆ. ಪಕ್ವತಾ ಪ್ರೋಟೀನಿನ ಕಥೆ ಇದಕ್ಕಿಂತಲೂ ಸೂಕ್ಷ್ಮವಾದುದು. ಪೂರ್ಣವಾಗಿ ಮಡಿಚಿಕೊಂಡ ಎಳೆಯಲ್ಲಿ ಅದರ ಆರಂಭಬಿಂದು ಮುಚ್ಚಿಹೋಗಿರುತ್ತದೆ; ಹೊಸ ಪ್ರತಿಯೊಂದು ಇನ್ನೂ ಬೆಳೆಯುತ್ತಿರುವಾಗ, ಮಡಿಕೆ ಕೂಡುವುದಕ್ಕೆ ಮೊದಲಿನ ಅಲ್ಪಕಾಲದಲ್ಲಿ ಮಾತ್ರ ರೈಬೋಸೋಮಿಗೆ ಅಲ್ಲಿ ಪ್ರವೇಶವುಂಟು. ಹಾಲೆಂಡಿನ ಲೈಡನ್ ನಗರದಲ್ಲಿ ಯಾನ್ ಫಾನ್ ಡೌನ್ ಮತ್ತವರ ಶಿಷ್ಯರು 1990ರ ದಶಕದಲ್ಲಿ ಇದನ್ನು ವಿವರವಾಗಿ ಬಿಡಿಸಿದರು. ಅದೇ ಪ್ರಯೋಗಶಾಲೆಯ ಡಿ ಸ್ಮಿಟ್ 1990ರಲ್ಲಿ ಹೊದಿಕೆಯ ಜೀನಿನ ಆರಂಭದಲ್ಲಿರುವ ಹೇರ್‌ಪಿನ್ನಿನ ಅಕ್ಷರಗಳನ್ನು ಒಂದೊಂದಾಗಿ ಬದಲಿಸಿ, ಮಡಿಕೆಯ ಬಿಗಿತಕ್ಕೂ ಪ್ರೋಟೀನಿನ ಮೊತ್ತಕ್ಕೂ ಇರುವ ಸಂಬಂಧವನ್ನು ಅಳೆದರು: ಒಂದು ಮಿತಿಯನ್ನು ದಾಟಿದ ಮೇಲೆ ಬಿಗಿತ 1.4 ಕಿಲೋಕ್ಯಾಲೊರಿ ಹೆಚ್ಚಿದಂತೆಲ್ಲ ಉತ್ಪತ್ತಿ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಮಡಿಕೆಯ ಶಾಸನಕ್ಕೆ ಹೀಗೆ ಅಂಕಗಣಿತದ ಆಧಾರ ಒದಗಿತು.

ಲೈಡನ್ನಿಗೆ ಸಲ್ಲಬೇಕಾದ ಇನ್ನೊಂದು ಮಾನ್ಯತೆಯೂ ಉಂಟು. ಟರ್ನಿಪ್ ಗಡ್ಡೆಯ ಎಲೆಗಳನ್ನು ಹಳದಿಯಾಗಿಸುವ ವೈರಾಣುವೊಂದರ ಆರ್‌ಎನ್‌ಎಯ ತುದಿಗೆ, ಅಮೈನೋ ಆಮ್ಲಗಳನ್ನು ರೈಬೋಸೋಮಿಗೆ ಹೊತ್ತು ತರುವ ಟಿ-ಆರ್‌ಎನ್‌ಎಗೆ ಅಂಟುವಂತೆಯೇ ವ್ಯಾಲೀನ್ ಎಂಬ ಅಮೈನೋ ಆಮ್ಲ ಅಂಟಿಕೊಳ್ಳುತ್ತದೆಂದು ಫ್ರಾನ್ಸಿನ ವಿದ್ವಾಂಸರು 1970ರಲ್ಲಿ ಕಂಡಿದ್ದರು. ಟಿ-ಆರ್‌ಎನ್‌ಎಯ ಅಕ್ಷರಕ್ರಮವೇ ಇಲ್ಲದ ತುದಿ ಅದರ ವೇಷವನ್ನು ಹೇಗೆ ಧರಿಸಿತೆಂಬುದು ಮಾತ್ರ ಬಗೆಹರಿದಿರಲಿಲ್ಲ. ಪ್ಲೈ, ರೀಟ್‌ಫೆಲ್ಡ್ ಮತ್ತು ಬಾಷ್ 1980ರ ದಶಕದ ಮೊದಲ ವರ್ಷಗಳಲ್ಲಿ ಇದಕ್ಕೆ ಸಮಾಧಾನವನ್ನು ಕೊಟ್ಟರು: ಹೇರ್‌ಪಿನ್ನಿನ ಕುಣಿಕೆಯಲ್ಲಿ ಒಂಟಿಯಾಗಿ ಉಳಿದ ಅಕ್ಷರಗಳು ಹೊರಗಿನ ಅಕ್ಷರಗಳೊಂದಿಗೆ ಮತ್ತೆ ಜೊತೆಗಟ್ಟಿ, ಒಂದರ ಮೇಲೊಂದು ಸುರುಳಿಯನ್ನು ಪೇರಿಸುತ್ತವೆ. ಗಂಟಿನಂತೆ ಕಂಡರೂ ನಿಜವಾಗಿ ಗಂಟಲ್ಲದ ಈ ರಚನೆಗೆ ಸೂಡೋನಾಟ್ ಎಂಬ ಹೆಸರು ನಿಂತಿತು. ಹುಸಿಗಂಟು ಎಂದು ನಾವು ಕರೆಯಬಹುದು. ಸಸ್ಯದ ರೋಗವೊಂದರ ಮೂಲೆಯಲ್ಲಿ ಸಿಕ್ಕಿದ ಈ ಹುಸಿಗಂಟಿಗೆ ಕೆಲವೇ ವರ್ಷಗಳಲ್ಲಿ ದೊಡ್ಡ ಅಧಿಕಾರ ಪ್ರಾಪ್ತವಾಯಿತು.

ಮೂರು ಮೂರು ಅಕ್ಷರಗಳ ಓದು ಒಮ್ಮೆ ಮೊದಲಾಯಿತೆಂದರೆ ಕೊನೆಯವರೆಗೆ ಪಂಕ್ತಿ ತಪ್ಪುವುದಿಲ್ಲವೆಂಬುದು ಜೀವವಿಜ್ಞಾನದ ಮೂಲಸೂತ್ರಗಳಲ್ಲೊಂದು. ಕೋಳಿಗಳಲ್ಲಿ ಗಂತಿಯನ್ನುಂಟುಮಾಡುವ ರೌಸ್ ಸಾರ್ಕೋಮಾ ವೈರಾಣುವಿನಲ್ಲಿ ಈ ಸೂತ್ರ ಉದ್ದೇಶಪೂರ್ವಕವಾಗಿಯೇ ಮುರಿಯಲ್ಪಡುತ್ತದೆ, ರೈಬೋಸೋಮು ಒಂದು ಅಕ್ಷರದಷ್ಟು ಹಿಂದಕ್ಕೆ ಜಾರಿ ಬೇರೊಂದು ಪಾಠವನ್ನು ಓದತೊಡಗುತ್ತದೆ ಎಂದು 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟೈಲರ್ ಜ್ಯಾಕ್ಸ್ ಮತ್ತು ಹೆರಾಲ್ಡ್ ವಾರ್ಮಸ್ ತೋರಿಸಿದರು. 1989ರಲ್ಲಿ ಕೇಂಬ್ರಿಜ್‌ನ ಬ್ರಯರ್ಲಿ, ಡಿಗಾರ್ಡ್ ಮತ್ತು ಇಂಗ್ಲಿಸ್, ಕೋಳಿಗಳ ಶ್ವಾಸನಾಳದ ರೋಗಕ್ಕೆ ಕಾರಣವಾದ ಕೊರೊನಾ ವೈರಾಣುವಿನಲ್ಲಿ ಈ ಪಲ್ಲಟದ ಯಂತ್ರವನ್ನು ಬಿಚ್ಚಿದರು: ಯುಯುಯುಎಎಎಸಿ ಎಂಬ ಏಳು ಅಕ್ಷರಗಳ ಜಾರುನೆಲವೊಂದು, ಅದರ ಮುಂದೆ ಕೆಲವೇ ಅಕ್ಷರಗಳ ಅಂತರದಲ್ಲಿ ಒಂದು ಹುಸಿಗಂಟು. ಗಂಟಿಗೆ ತಡೆದು ನಿಂತ ರೈಬೋಸೋಮುಗಳಲ್ಲಿ ಒಂದು ಪಾಲು ಹಿಂದೆ ಸರಿಯುತ್ತವೆ, ಉಳಿದವು ಹಳೆಯ ಪಂಕ್ತಿಯಲ್ಲಿಯೇ ಮುನ್ನಡೆದು ಬೇಗನೆ ಓದನ್ನು ಮುಗಿಸುತ್ತವೆ. ಗಂಟಿನ ಒಂದು ಕಾಲಿನ ಅಕ್ಷರಗಳನ್ನು ಬದಲಿಸಿದರೆ ಪಲ್ಲಟ ಅಡಗುತ್ತಿತ್ತು. ಎದುರು ಕಾಲಿನಲ್ಲಿಯೂ ಅದಕ್ಕೆ ಅನುರೂಪವಾದ ಬದಲಾವಣೆಯನ್ನು ಮಾಡಿ ಜೊತೆಯನ್ನು ಮತ್ತೆ ಕೂಡಿಸಿದರೆ ಪಲ್ಲಟ ಮರಳುತ್ತಿತ್ತು. ಆಕಾರಕ್ಕೆ ಅಧಿಕಾರವಿದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ. ಮೂವತ್ತು ವರ್ಷಗಳ ಬಳಿಕ ಜಗತ್ತನ್ನೇ ಮನೆಯೊಳಗೆ ಕೂಡಿಹಾಕಿದ ಕೋವಿಡ್ ವೈರಾಣುವೂ ಅದೇ ಏಳಕ್ಷರದ ನೆಲದ ಮೇಲೆ, ಅದೇ ಬಗೆಯ ಗಂಟಿನ ಎದುರಿನಲ್ಲಿ ರೈಬೋಸೋಮನ್ನು ಜಾರಿಸಿ, ತನ್ನ ಪ್ರತಿಗಳನ್ನು ತೆಗೆಯುವ ಕಿಣ್ವವನ್ನು ಪಡೆಯುತ್ತದೆ. ಗಂಟಿಗೆ ತಡೆದು ನಿಂತ ರೈಬೋಸೋಮಿನ ಚಿತ್ರವನ್ನು ಜೂರಿಕ್ ಮತ್ತು ಕಾರ್ಕ್ ನಗರಗಳ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು.

ಓದಿನ ಮೊತ್ತವನ್ನು, ಪಂಕ್ತಿಯನ್ನು ಮಡಿಕೆ ಆಳುವುದನ್ನು ಕಂಡುದಾಯಿತು; ಓದು ಎಲ್ಲಿ ಮೊದಲಾಗಬೇಕೆಂಬುದೂ ಅದರ ವಶದಲ್ಲಿರಬಹುದೆಂಬುದನ್ನು ಕಲಿಸಿದುದು ಪೋಲಿಯೋ. ನಮ್ಮ ಜೀವಕೋಶಗಳಲ್ಲಿ ಸಂದೇಶದ ತಲೆಗೆ ಕ್ಯಾಪ್ ಎಂಬ ರಾಸಾಯನಿಕ ಟೊಪ್ಪಿಗೆಯಿರುತ್ತದೆ. ರೈಬೋಸೋಮು ಅದನ್ನು ಗುರುತಿಸಿ, ತಲೆಯಿಂದ ಕೆಳಗೆ ಅಕ್ಷರಗಳನ್ನು ಸೋಸುತ್ತ ಬಂದು, ಮೊದಲು ಸಿಕ್ಕಿದ ಎಯುಜಿ ಎಂಬ ಸಂಕೇತದಲ್ಲಿ ಸಾಮಾನ್ಯವಾಗಿ ಓದನ್ನಾರಂಭಿಸುತ್ತದೆಂದು ಮೆರಿಲಿನ್ ಕೋಜಾಕ್ 1978ರಲ್ಲಿ ಪ್ರತಿಪಾದಿಸಿದ್ದರು. 1981ರಲ್ಲಿ ಪೋಲಿಯೋ ವೈರಾಣುವಿನ ಪೂರ್ಣಪಾಠ ದೊರೆತಾಗ ಈ ನಿಯಮಕ್ಕೆ ಹೊಂದದ ಸಂಗತಿಗಳೇ ಕಂಡವು: ಮೊದಲೇ ತಿಳಿದಿದ್ದಂತೆ ಅದಕ್ಕೆ ಟೊಪ್ಪಿಗೆಯಿಲ್ಲ, ಪ್ರೋಟೀನಿನ ಪಾಠಕ್ಕೆ ಮೊದಲು ಸುಮಾರು 740 ಅಕ್ಷರಗಳ ಪೀಠಿಕೆಯೊಂದಿದೆ, ಅದರಲ್ಲಿ ದಾರಿ ತಪ್ಪಿಸುವ ಎಯುಜಿಗಳು ಏಳೆಂಟಿವೆ. ಅದೂ ಅಲ್ಲದೆ ಈ ವೈರಾಣು ಟೊಪ್ಪಿಗೆಯನ್ನು ಅವಲಂಬಿಸಿದ ಓದಿಗೆ ಬೇಕಾದ ಪ್ರೋಟೀನೊಂದನ್ನು ಕತ್ತರಿಸಿ, ಕೋಶದ ಸ್ವಂತ ಸಂದೇಶಗಳನ್ನೆಲ್ಲ ಮೂಕವಾಗಿಸಿ, ತಾನೊಂದೇ ಓದಿಸಿಕೊಳ್ಳುತ್ತದೆ. 1988ರಲ್ಲಿ ಮಾಂಟ್ರಿಯಲ್‌ನ ಜೆರಿ ಪೆಲ್ಟಿಯೇ ಮತ್ತು ನಾಹುಮ್ ಸೋನೆನ್‌ಬರ್ಗ್ ಎರಡು ಜೀನುಗಳನ್ನು ಒಂದೇ ಎಳೆಯ ಮೇಲೆ ಸಾಲಾಗಿಟ್ಟು, ನಡುವೆ ಪೋಲಿಯೋದ ಪೀಠಿಕೆಯನ್ನು ಸೇರಿಸಿದಾಗ, ಮೊದಲನೆಯ ಜೀನಿನ ಓದು ನಿಂತುಹೋದರೂ ಎರಡನೆಯದರ ಓದು ನಡೆಯಿತು. ರೈಬೋಸೋಮು ತಲೆಯಿಂದ ಬರದೆ ನಡುವಿನಲ್ಲಿಯೇ ಇಳಿದಿದೆಯೆಂಬುದು ಇದರಿಂದ ಸಿದ್ಧವಾಯಿತು. ಅದೇ ವರ್ಷ ಸ್ಟೋನಿ ಬ್ರೂಕ್‌ನ ಎಕರ್ಡ್ ವಿಮ್ಮರ್ ಅವರ ಬಳಗ ಇನ್ನೊಂದು ವೈರಾಣುವಿನಲ್ಲಿ ಇದನ್ನೇ ಕಂಡಿತು. ಮಡಿಕೆಗಳಿಂದಲೇ ಕಟ್ಟಿದ ಈ ಒಳಪ್ರವೇಶಸ್ಥಾನವನ್ನು ಇಂದು ಐರೆಸ್ ಎಂದು ಕರೆಯುತ್ತಾರೆ.

ನಮ್ಮ ನಾಡಿನ ತಾಯಂದಿರೆಲ್ಲರಿಗೂ ಪರಿಚಿತವಾದ ಪೋಲಿಯೋ ಹನಿಯ ರಹಸ್ಯದಲ್ಲಿ ಒಂದು ಅಂಶ ಈ ಪೀಠಿಕೆಯಲ್ಲಿಯೇ ಅಡಗಿತ್ತು. ಆಲ್ಬರ್ಟ್ ಸೇಬಿನ್ 1950ರ ದಶಕದಲ್ಲಿ ರೋಗದ ಮೂರು ವಿಧಗಳಿಗೂ ಸೌಮ್ಯವಾದ ತಳಿಗಳನ್ನು ಬೆಳೆಸಿ ಆರಿಸಿಕೊಂಡಾಗ, ಅವು ಸೌಮ್ಯವಾದುದೇಕೆಂದು ತಿಳಿಯುವ ಸಾಧನವೇ ಇರಲಿಲ್ಲ. ಮುಂದೆ ಪಾಠವನ್ನು ಹೋಲಿಸಿದಾಗ, ಮೊದಲನೆಯ ವಿಧದಲ್ಲಿ 480ನೆಯ, ಎರಡನೆಯದರಲ್ಲಿ 481ನೆಯ, ಮೂರನೆಯದರಲ್ಲಿ 472ನೆಯ ಅಕ್ಷರ ಬದಲಾಗಿರುವುದು ಗೋಚರಿಸಿತು. ಮೂರೂ ಒಂದೇ ಮಡಿಕೆಯ ಅಕ್ಷರಗಳು, ಯಾವುದೂ ಪ್ರೋಟೀನಿನ ಪಾಠಕ್ಕೆ ಸೇರಿದುದಲ್ಲ. ಒಂದು ಜೊತೆ ಸಡಿಲವಾದುದರಿಂದ ಓದು ಕುಂದಿತು. ಓದು ಕುಂದಿದುದರಿಂದ ಕರುಳಿನಲ್ಲಿ ಬೆಳೆಯಬಲ್ಲ ವೈರಾಣುವಿಗೆ ನರಗಳನ್ನು ಕೆಡಿಸುವ ಶಕ್ತಿ ತಗ್ಗಿತು. ಆದರೆ 472ನೆಯ ಸ್ಥಾನದ ಆ ಯು ಅಕ್ಷರ, ಹನಿ ಕುಡಿದ ಮಗುವಿನ ಕರುಳಿನಲ್ಲಿ ಕೆಲವೇ ದಿನಗಳಲ್ಲಿ ಹಿಂದಿನ ಸಿ ಆಗಿ ತಿರುಗುತ್ತದೆಂದು 1985ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ತೋರಿಸಿದರು. ಇದರಿಂದ ಕೇಡಾಗುವುದು ಅತ್ಯಂತ ವಿರಳ. ಭಾರತದಲ್ಲಿ 1995ರಲ್ಲಿ ಪಲ್ಸ್ ಪೋಲಿಯೋ ಮೊದಲಾಗಿ, 2011ರ ಜನವರಿಯ ಬಳಿಕ ಕಾಡುತಳಿಯ ರೋಗ ಒಂದೂ ಕಾಣದೆ ಹೋದುದು ಇದೇ ಹನಿಯ ಪ್ರಭಾವದಿಂದ. ಲಸಿಕೆ ಅರ್ಧಂಬರ್ಧ ತಲುಪಿದ ನಾಡುಗಳಲ್ಲಿ ಮಾತ್ರ ಆ ಸೌಮ್ಯತಳಿ ಮಕ್ಕಳಿಂದ ಮಕ್ಕಳಿಗೆ ದಾಟುತ್ತ ಬಿಗಿಮಡಿಕೆಯನ್ನು ಮರಳಿ ಪಡೆದು ರೋಗವನ್ನು ಹುಟ್ಟಿಸುವುದುಂಟು.

ಐರೆಸ್ ಪೋಲಿಯೋಗೆ ಮಾತ್ರ ಸೀಮಿತವಲ್ಲ. ಹೆಪಟೈಟಿಸ್ ಸಿ ವೈರಾಣುವಿನ ಐರೆಸ್ ರೈಬೋಸೋಮಿನ ಚಿಕ್ಕ ಭಾಗವನ್ನು ಅನ್ಯರ ನೆರವಿಲ್ಲದೆ ತಾನೇ ಹಿಡಿಯುತ್ತದೆಂದು 1998ರಲ್ಲಿ ತಿಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೌಮಿತ್ರ ದಾಸ್ ಮತ್ತವರ ಶಿಷ್ಯರು ಆ ಮಡಿಕೆಗೆ ನಮ್ಮ ಕೋಶದ ಲಾ ಎಂಬ ಪ್ರೋಟೀನು ಬಂದು ಕೂಡುವ ಬಗೆಯನ್ನು ದೀರ್ಘಕಾಲ ವ್ಯಾಸಂಗಮಾಡಿದ್ದಾರೆ. ಚಿಮ್ಮಂಡೆಹುಳುವಿನ ವೈರಾಣುವೊಂದರಲ್ಲಿ ಮಡಿಕೆ ಟಿ-ಆರ್‌ಎನ್‌ಎಯ ಪಾತ್ರವನ್ನೇ ವಹಿಸಿ, ಎಯುಜಿಯ ಹಂಗೂ ಇಲ್ಲದೆ ಓದನ್ನು ಆರಂಭಿಸಿಬಿಡುತ್ತದೆ. ಎಫ್2 ವೈರಾಣುವಿನಲ್ಲಿ ಅಪವಾದವೆಂಬಂತೆ ತೋರಿದುದು ಹೀಗೆ ಬ್ಯಾಕ್ಟೀರಿಯ, ಸಸ್ಯ, ಕೀಟ, ಪಕ್ಷಿ, ಮನುಷ್ಯರ ವೈರಾಣುಗಳಲ್ಲೆಲ್ಲ ಹರಡಿರುವುದು ಕಂಡುಬಂದಿತು. ಕಾರಣವೂ ಗೂಢವಲ್ಲ: ಕೆಲವೇ ಸಾವಿರ ಅಕ್ಷರಗಳಲ್ಲಿ ಸಂಸಾರ ಸಾಗಿಸಬೇಕಾದ ವೈರಾಣುವಿಗೆ, ನಿಯಂತ್ರಣಕ್ಕೆಂದೇ ಬೇರೆ ಪ್ರೋಟೀನುಗಳನ್ನು ಇಟ್ಟುಕೊಳ್ಳುವಷ್ಟು ಅನುಕೂಲವಿಲ್ಲ, ಅದೇ ಅಕ್ಷರಗಳನ್ನು ಮಡಿಚಿದರೆ ಎರಡನೆಯ ಪ್ರಯೋಜನ ಖರ್ಚಿಲ್ಲದೆ ದೊರೆಯುತ್ತದೆ.

ಓದುವುದನ್ನು ಕಲಿತ ವಿದ್ಯೆ ಕೊನೆಗೆ ಬರೆಯುವುದಕ್ಕೂ ತೊಡಗಿತು. ಎರಡನೆಯ ವಿಧದ ಕಾಡುತಳಿಯ ಪೋಲಿಯೋ ಕಡೆಯ ಬಾರಿಗೆ ಕಂಡದ್ದು 1999ರಲ್ಲಿ, ನಮ್ಮ ಅಲೀಗಢದಲ್ಲಿ. 2016ರಲ್ಲಿ ಆ ವಿಧದ ಸೇಬಿನ್ ತಳಿಯನ್ನು ಜಗತ್ತಿನಾದ್ಯಂತ ದೈನಂದಿನ ಲಸಿಕೆಯಿಂದ ತೆಗೆದುಹಾಕಿದ ಮೇಲೆಯೂ, ಲಸಿಕೆಯಿಂದಲೇ ಹುಟ್ಟಿ ತಿರುಗಿದ ಎರಡನೆಯ ವಿಧದ ವೈರಾಣು ಹಲವು ದೇಶಗಳಲ್ಲಿ ಮಕ್ಕಳನ್ನು ಬಾಧಿಸುತ್ತಿತ್ತು. ಆಗ ಬ್ರಿಟನ್ನಿನ ಮತ್ತು ಅಮೆರಿಕದ ವಿಜ್ಞಾನಿಗಳು ಆ ತಳಿಯಲ್ಲಿ ಮಾಡಿದ ತಿದ್ದುಪಡಿಗಳಲ್ಲಿ ಮುಖ್ಯವಾದುದು, 481ನೆಯ ಅಕ್ಷರವಿರುವ ಮಡಿಕೆಯನ್ನೇ ಹೊಸದಾಗಿ ಬರೆದುದು: ಯಾವ ಒಂದು ಅಕ್ಷರ ಬದಲಾದರೂ ಮಡಿಕೆ ಬಿಗಿಯಾಗದಂತೆ ಅಲ್ಲಿಯ ಜೊತೆಗಳನ್ನು ಆರಿಸಿ ಕೂಡಿಸಿದರು. 2020ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಹೊಸ ಹನಿಯ ತುರ್ತು ಬಳಕೆಗೆ ಸಮ್ಮತಿಯಿತ್ತಿತು. ಫಾರ್ಮಾಲ್ಡಿಹೈಡಿನಿಂದ ಮಡಿಕೆಯನ್ನು ಬಿಚ್ಚಿ ನೋಡಿದ ಪ್ರಯೋಗಕ್ಕೆ ಅಷ್ಟರಲ್ಲಿ ಐವತ್ತು ವರ್ಷ ತುಂಬಿತ್ತು. ಪ್ರೋಟೀನಿಗೆ ಒಂದಕ್ಷರವನ್ನೂ ಕೊಡದ ಭಾಗವೊಂದರ ಮೇಲೆ ಮಕ್ಕಳ ಕ್ಷೇಮವನ್ನು ನಂಬಿ ನಿಲ್ಲಿಸುವ ಧೈರ್ಯ ವೈದ್ಯಶಾಸ್ತ್ರಕ್ಕೆ ಬರಲು ಅಷ್ಟು ಕಾಲ ಹಿಡಿಯಿತು.